ವಿಷದ ಚಿಕಿತ್ಸೆ: ಒಂದು ಸೀಸೆಯಿಂದ ಒಂದು ತಂಡದವರೆಗೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಾವೇರಿ ನದಿಗೆ ಸಮೀಪದ ಊರು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿದ ಶಿವನಸಮುದ್ರ ಇಲ್ಲಿಗೆ ದೂರವಲ್ಲ. ಮಂಡ್ಯ ಜಿಲ್ಲೆಯ ಇತರ ಭಾಗಗಳಂತೆ ಇದೂ ಭತ್ತ, ಕಬ್ಬು, ರಾಗಿ ಬೆಳೆಯುವ ಸೀಮೆ. ಇಲ್ಲಿನ ರೈತರು ಕೀಟನಾಶಕವನ್ನು ಕೀಟನಾಶಕ ಎನ್ನುವುದು ಕಡಿಮೆ, 'ಔಷಧಿ' ಎನ್ನುತ್ತಾರೆ. 'ಗದ್ದೆಗೆ ಔಷಧಿ ಹೊಡೆದೆವು' ಎಂಬುದು ದಿನನಿತ್ಯದ ಮಾತು. ಬೆಳೆಗೆ ಔಷಧಿಯಾದದ್ದು ಮನುಷ್ಯನಿಗೆ ವಿಷ. ಆ ವಿಷ ಕೈಗೆಟುಕುವಷ್ಟು ಹತ್ತಿರದಲ್ಲಿರುವುದರಿಂದ ಸಂಕಟದ ಒಂದು ಗಳಿಗೆಯಲ್ಲಿ ಅನೇಕರು ತಮ್ಮ ಜೀವಕ್ಕೆ ತಾವೇ ಹಾನಿ ಮಾಡಿಕೊಳ್ಳುತ್ತಾರೆ. ಇದು ಬೆಳಕವಾಡಿಯ ಅಥವಾ ಮಂಡ್ಯದ ಸಮಸ್ಯೆ ಮಾತ್ರವಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಚೀನಾ ಮೊದಲಾದ ಎಲ್ಲ ಕೃಷಿಪ್ರಧಾನ ದೇಶಗಳೂ ಇದನ್ನು ಎದುರಿಸಿವೆ.

ಹೀಗೆ ಹಾನಿ ಮಾಡಿಕೊಂಡವರನ್ನು ಉಳಿಸುವ ವಿದ್ಯೆ ಹೇಗೆ ಬೆಳೆಯಿತು? ಒಂದು ಸೀಸೆ ಪ್ರತಿವಿಷದಿಂದ ಆರಂಭವಾದ ಈ ಚಿಕಿತ್ಸೆಗೆ ಅರಿವಳಿಕೆ ತಜ್ಞರು, ದಾದಿಯರು, ಮನೋವೈದ್ಯರು, ಸಮಾಜ ಕಾರ್ಯಕರ್ತರು, ಕಡೆಗೆ ಶಾಸನ ಮಾಡುವವರು ಕೂಡ ಏಕೆ ಬೇಕಾದರು? ಈ ಇತಿಹಾಸವನ್ನು ಸಂಕ್ಷಿಪ್ತವಾಗಿ ನೋಡೋಣ.

'ಔಷಧಿ' ಹಳ್ಳಿಗೆ ಬಂದ ಬಗೆ

ಸಾವಯವ ರಂಜಕ ಸಂಯುಕ್ತಗಳು ಕೀಟಗಳನ್ನು ಕೊಲ್ಲುತ್ತವೆ ಎಂಬುದನ್ನು 1930ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಗೆರ್ಹಾರ್ಡ್ ಶ್ರಾಡರ್ ಗುರುತಿಸಿದರು. ಎರಡನೆಯ ಮಹಾಯುದ್ಧದ ನಂತರ ಈ ಗುಂಪಿನ ಕೀಟನಾಶಕಗಳು ಜಗತ್ತಿನಾದ್ಯಂತ ಹರಡಿದವು. ನಮ್ಮಲ್ಲಿ 1960ರ ದಶಕದ ಆರಂಭದಲ್ಲಿ ಸಾಂದ್ರ ಕೃಷಿ ಜಿಲ್ಲಾ ಕಾರ್ಯಕ್ರಮ ಜಾರಿಗೆ ಬಂದಾಗ ಆಗಿನ ಮೈಸೂರು ರಾಜ್ಯದಿಂದ ಆಯ್ಕೆಯಾದದ್ದು ಮಂಡ್ಯ ಜಿಲ್ಲೆ. ಕೃಷ್ಣರಾಜಸಾಗರದ ನಾಲೆಯ ನೀರಿದ್ದುದರಿಂದ ಹೊಸ ಬೇಸಾಯಕ್ಕೆ ಈ ಜಿಲ್ಲೆ ತಕ್ಕದಾಗಿತ್ತು. ಸುಧಾರಿತ ಬೀಜ, ರಾಸಾಯನಿಕ ಗೊಬ್ಬರ, ಸಾಲ ಸೌಲಭ್ಯಗಳ ಜೊತೆಗೆ ಸಸ್ಯ ಸಂರಕ್ಷಣೆಯ ರಾಸಾಯನಿಕಗಳೂ ರೈತರ ಮನೆ ಸೇರಿದವು. ಇಳುವರಿ ಹೆಚ್ಚಿತು. ಆದರೆ ಅಪಾಯಕಾರಿ ವಸ್ತುವೊಂದನ್ನು ಎಲ್ಲಿಡಬೇಕು, ಹೇಗೆ ಬಳಸಬೇಕು ಎಂಬ ತಿಳಿವಳಿಕೆ ಅದೇ ವೇಗದಲ್ಲಿ ಹಳ್ಳಿಗೆ ಬರಲಿಲ್ಲ.

ಎಚ್ಚರಿಕೆಯ ಗಂಟೆ ಮೊದಲು ಬಾರಿಸಿದ್ದು ನೆರೆಯ ಕೇರಳದಲ್ಲಿ. 1958ರಲ್ಲಿ ಸಾಗಣೆಯ ಸಮಯದಲ್ಲಿ ಕೀಟನಾಶಕ ಬೆರೆತ ಗೋಧಿ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಈ ದುರಂತದ ನಂತರದ ವಿಚಾರಣೆಗಳ ಫಲವಾಗಿ 1968ರಲ್ಲಿ ಕೀಟನಾಶಕಗಳ ಅಧಿನಿಯಮ ಬಂದಿತು. ನೋಂದಣಿ, ಪರವಾನಗಿ, ಡಬ್ಬಿಯ ಮೇಲಿನ ಬಣ್ಣದ ತ್ರಿಕೋನದ ಗುರುತು ಇವೆಲ್ಲ ಈ ಅಧಿನಿಯಮ ಮತ್ತು ಅದರ ನಿಯಮಗಳಿಂದ ಬಂದವು.

ಅಟ್ರೋಪಿನ್: ಮೊದಲ ಆಸರೆ

ಸಾವಯವ ರಂಜಕ ವಿಷ ದೇಹದಲ್ಲಿ ಏನು ಮಾಡುತ್ತದೆ? ನರದ ತುದಿಯಿಂದ ಸ್ನಾಯುವಿಗೆ ಅಥವಾ ಗ್ರಂಥಿಗೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಅಸೆಟೈಲ್‌ಕೋಲೀನ್ ಒಂದು. ನರದ ಸಂದೇಶ ರಾಸಾಯನಿಕದ ಮೂಲಕ ಸಾಗುತ್ತದೆಂದು ಆಟೋ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಪ್ರಯೋಗದಿಂದ ತೋರಿಸಿದರು. 1936ರಲ್ಲಿ ಅವರಿಗೆ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಬಹುಮಾನ ದೊರೆಯಿತು. ಸಂದೇಶ ಮುಟ್ಟಿದ ಕೂಡಲೇ ಅಸೆಟೈಲ್‌ಕೋಲೀನನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಸಾವಯವ ರಂಜಕವು ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಕಣ್ಣಿನ ಪಾಪೆ ಕಿರಿದಾಗುತ್ತದೆ, ಜೊಲ್ಲು ಮತ್ತು ಬೆವರು ಸುರಿಯುತ್ತವೆ, ಶ್ವಾಸಕೋಶದಲ್ಲಿ ಸ್ರಾವ ತುಂಬುತ್ತದೆ, ಹೃದಯದ ಬಡಿತ ಇಳಿಯುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ.

ಇದಕ್ಕೆ ಪ್ರತಿವಿಷದ ಸುಳಿವು ಕೀಟನಾಶಕಗಳಿಗಿಂತ ಹಳೆಯದು. ಬೆಲ್ಲಡೋನ ಗಿಡದಿಂದ ಅಟ್ರೋಪಿನ್ ಎಂಬ ಕ್ಷಾರಾಭವನ್ನು 1830ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಬೇರ್ಪಡಿಸಿದ್ದರು. ಎಡಿನ್‌ಬರೋದ ಥಾಮಸ್ ಫ್ರೇಸರ್ 1870ರ ಸುಮಾರಿಗೆ ಕ್ಯಾಲಬಾರ್ ಅವರೆಯ ವಿಷಕ್ಕೂ ಅಟ್ರೋಪಿನ್ನಿಗೂ ಇರುವ ವಿರೋಧವನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಕ್ಯಾಲಬಾರ್ ಅವರೆಯ ವಿಷವೂ ಅದೇ ಕಿಣ್ವವನ್ನು ತಡೆಯುತ್ತದೆಂದು ತಿಳಿದದ್ದು ನಂತರ. ಹೀಗಾಗಿ ಕೀಟನಾಶಕ ಬಳಕೆಗೆ ಬರುವ ವೇಳೆಗೆ ಅಟ್ರೋಪಿನ್ ವೈದ್ಯರ ಕೈಯಲ್ಲಿ ಸಿದ್ಧವಾಗಿತ್ತು. 1955ರಲ್ಲಿ ಅಮೆರಿಕದಲ್ಲಿ ಇರ್ವಿನ್ ವಿಲ್ಸನ್ ಮತ್ತು ಸಂಗಡಿಗರು ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದನ್ನು ರೂಪಿಸಿದರು.

ನಮ್ಮ ಊರುಗಳಲ್ಲಿ ಬೆಳೆಯುವ ಉಮ್ಮತ್ತಿಯಲ್ಲೂ ಇದೇ ಬಗೆಯ ಕ್ಷಾರಾಭಗಳಿವೆ. ಹಾಗೆಂದು ಅದು ಮನೆಮದ್ದಲ್ಲ. ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುತ್ತದೆ. ಅದೇ ಇನ್ನೊಂದು ವಿಷವಾಗುತ್ತದೆ.

ಪ್ರತಿವಿಷ ಸಾಲದಾದಾಗ

ಅಟ್ರೋಪಿನ್ ಸ್ರಾವಗಳನ್ನು ಒಣಗಿಸುತ್ತದೆ, ಹೃದಯದ ಬಡಿತವನ್ನು ಮೇಲೆತ್ತುತ್ತದೆ. ಆದರೆ ಸೋತ ಸ್ನಾಯುಗಳಿಗೆ ಬಲ ಕೊಡಲಾರದು. ಏಕೆಂದರೆ ಸ್ನಾಯುವಿನ ಮೇಲಿರುವ ಗ್ರಾಹಕಗಳು ಬೇರೆ ಬಗೆಯವು; ಅಟ್ರೋಪಿನ್ ಅವುಗಳನ್ನು ಮುಟ್ಟುವುದಿಲ್ಲ. ಮೊದಲ ದಿನ ಚೇತರಿಸಿಕೊಂಡಂತೆ ಕಂಡ ರೋಗಿ ಎರಡನೆಯ ಅಥವಾ ಮೂರನೆಯ ದಿನ ಇದ್ದಕ್ಕಿದ್ದಂತೆ ಉಸಿರಾಡಲಾರದೆ ಹೋಗುವುದನ್ನು ವೈದ್ಯರು ಕಂಡಿದ್ದರು. ಈ ಸ್ಥಿತಿಗೆ 1987ರಲ್ಲಿ 'ಮಧ್ಯಂತರ ಲಕ್ಷಣಕೂಟ' ಎಂದು ಹೆಸರಿಟ್ಟು ವಿವರಿಸಿದವರು ಶ್ರೀಲಂಕಾದ ಸೇನಾನಾಯಕೆ ಮತ್ತು ಕರಾಲಿಯೆಡ್ಡೆ. ಅಭಿವೃದ್ಧಿಶೀಲ ದೇಶವೊಂದರ ವಾರ್ಡಿನಲ್ಲಿ ನಡೆದ ಎಚ್ಚರದ ವೀಕ್ಷಣೆ ಜಗತ್ತಿನ ವೈದ್ಯಶಾಸ್ತ್ರಕ್ಕೆ ಹೊಸ ಪಾಠ ಕಲಿಸಿತು.

ಈ ಹಂತದಲ್ಲಿ ರೋಗಿಯನ್ನು ಉಳಿಸುವುದು ಕೃತಕ ಉಸಿರಾಟ. ಅದರ ಇತಿಹಾಸ 1952ರ ಕೋಪನ್‌ಹೇಗನ್ನಿಗೆ ಹೋಗುತ್ತದೆ. ಅಲ್ಲಿ ಪೋಲಿಯೊ ಹರಡಿ ಉಸಿರಾಟದ ಸ್ನಾಯುಗಳು ಸೋತವರಿಂದ ಆಸ್ಪತ್ರೆ ತುಂಬಿತು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ರೋಗಿಯ ಶ್ವಾಸನಾಳಕ್ಕೆ ಕೊಳವೆ ಹಾಕಿ ಕೈಯಿಂದ ಚೀಲ ಒತ್ತಿ ಗಾಳಿ ತುಂಬುವ ವಿಧಾನವನ್ನು ಜಾರಿಗೆ ತಂದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲು ರಾತ್ರಿ ಚೀಲ ಒತ್ತಿದರು. ಇಂದಿನ ತೀವ್ರ ನಿಗಾ ಘಟಕದ ಮೂಲ ಇಲ್ಲಿದೆ. ಹೀಗೆ ವಿಷದ ಚಿಕಿತ್ಸೆಗೆ ಸಾಮಾನ್ಯ ವೈದ್ಯರ ಜೊತೆಗೆ ಅರಿವಳಿಕೆ ತಜ್ಞರು ಮತ್ತು ತರಬೇತಾದ ದಾದಿಯರು ಸೇರಿದರು.

ಬೆಳಕವಾಡಿಯಂಥ ಊರಿನ ಕಷ್ಟ ಇಲ್ಲಿಯೇ ಇದೆ. ಅಟ್ರೋಪಿನ್ ಚುಚ್ಚುಮದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಡಬಹುದು. ಆದರೆ ಉಸಿರಾಟದ ಯಂತ್ರ, ಅದನ್ನು ನಡೆಸುವವರು ಮಂಡ್ಯ, ಮೈಸೂರಿನಂಥ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ನಡುವಿನ ದಾರಿಯೂ ಚಿಕಿತ್ಸೆಯ ಒಂದು ಭಾಗವೇ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆಂಬ್ಯುಲೆನ್ಸ್ ಸೇವೆ ಈ ದಾರಿಯನ್ನು ಕಿರಿದಾಗಿಸಿತು. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದದ್ದರಿಂದ ಜಿಲ್ಲೆಯೊಳಗೇ ಬೋಧಕ ಆಸ್ಪತ್ರೆಯ ನೆರವೂ ದೊರೆಯುವಂತಾಯಿತು.

ಕಡಿಮೆ ಖರ್ಚಿನ ಪಾಠಗಳು

ಈ ಚಿಕಿತ್ಸೆಯ ಮುಖ್ಯ ಪರೀಕ್ಷೆಗಳು ನಡೆದದ್ದು ರೋಗಿಗಳು ಹೆಚ್ಚಾಗಿದ್ದ ದಕ್ಷಿಣ ಏಷ್ಯಾದಲ್ಲಿ ಎಂಬುದು ಗಮನಾರ್ಹ. ಪ್ರಾಲಿಡಾಕ್ಸಿಮ್‌ನಿಂದ ಲಾಭವಿದೆಯೇ ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1990ರ ದಶಕದಲ್ಲಿ ಪರೀಕ್ಷಿಸಿತು; ಲಾಭ ಕಾಣಲಿಲ್ಲ. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯ ಪರೀಕ್ಷೆ ಲಾಭ ತೋರಿಸಿತು. 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಪರೀಕ್ಷೆ ಮತ್ತೆ ಇಲ್ಲವೆಂದಿತು. ವಿಜ್ಞಾನದಲ್ಲಿ ಒಂದು ಫಲಿತಾಂಶವೇ ಕೊನೆಯ ಮಾತಲ್ಲ ಎಂಬುದಕ್ಕೆ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಉದಾಹರಣೆ. ಹಾಗೆಯೇ ವಿಷವನ್ನು ಹೀರುವ ಇದ್ದಿಲ ಪುಡಿಯ ಬಗ್ಗೆ ಶ್ರೀಲಂಕಾದಲ್ಲಿ 4,632 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ, ಅದನ್ನು ಎಲ್ಲರಿಗೂ ಕೊಡುವುದರಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ತಿಳಿಸಿತು.

ಬಾಂಗ್ಲಾದೇಶದ ಚಿತ್ತಗಾಂಗ್‌ನ ಪರೀಕ್ಷೆ ಇನ್ನೂ ಅರ್ಥಪೂರ್ಣ. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 156 ರೋಗಿಗಳಿದ್ದರು. ಒಂದು ಗುಂಪಿಗೆ ಅಟ್ರೋಪಿನ್ನನ್ನು ಹಳೆಯ ರೂಢಿಯಂತೆ ಕೊಟ್ಟರು. ಇನ್ನೊಂದು ಗುಂಪಿಗೆ ರೋಗಿಯನ್ನು ಪದೇ ಪದೇ ಪರೀಕ್ಷಿಸುತ್ತ ಪ್ರಮಾಣವನ್ನು ಬೇಗ ಏರಿಸಿ, ನಂತರ ಹನಿಹನಿಯಾಗಿ ಸತತವಾಗಿ ಕೊಟ್ಟರು. ಮೊದಲ ಗುಂಪಿನಲ್ಲಿ ಶೇ. 22.5 ಮಂದಿ ಸತ್ತರೆ ಎರಡನೆಯ ಗುಂಪಿನಲ್ಲಿ ಶೇ. 8 ಮಂದಿ ಮಾತ್ರ. ಹೊಸ ಮದ್ದಿಲ್ಲ, ದುಬಾರಿ ಯಂತ್ರವಿಲ್ಲ. ಹೆಚ್ಚಾದದ್ದು ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವವರ ಗಮನ.

ಬೆಂಗಳೂರಿನಲ್ಲಿ ರೂಪುಗೊಂಡ ತಂಡ

ಉಸಿರು ಮರಳಿತು, ರೋಗಿ ಎದ್ದು ಕುಳಿತ. ಇನ್ನು ಮನೆಗೆ ಕಳಿಸಬಹುದೇ? ಹಾನಿ ಮಾಡಿಕೊಳ್ಳುವ ಮಟ್ಟಕ್ಕೆ ಆತನನ್ನು ತಂದ ಸಂಕಟ ಹಾಗೆಯೇ ಉಳಿದಿರುತ್ತದೆ. ಅದು ಖಿನ್ನತೆಯಿರಬಹುದು, ಕುಡಿತವಿರಬಹುದು, ಸಾಲ, ಮನೆಯ ಜಗಳ, ಪರೀಕ್ಷೆಯ ಫಲಿತಾಂಶ, ವಾಸಿಯಾಗದ ಕಾಯಿಲೆ ಇರಬಹುದು. ಬಹುಮಟ್ಟಿಗೆ ಇವುಗಳಲ್ಲಿ ಹಲವು ಒಟ್ಟಿಗೆ ಇರುತ್ತವೆ. ಇವನ್ನು ಒಬ್ಬನೇ ವೈದ್ಯ ಬಿಡಿಸಲಾರ.

ಹಲವು ವಿದ್ಯೆಗಳವರು ಒಂದು ತಂಡವಾಗಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಪದ್ಧತಿಗೆ ನಮ್ಮ ದೇಶದಲ್ಲಿ ಬೆಂಗಳೂರು ಮುಖ್ಯ ನೆಲೆ. ಇಲ್ಲಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಮನೋವೈದ್ಯರ ಜೊತೆಗೆ ಮನೋವಿಜ್ಞಾನಿಗಳಿಗೂ ದಾದಿಯರಿಗೂ ಇಲ್ಲಿ ತರಬೇತಿ ನಡೆಯಿತು. ಮುಂದೆ ಮನೋವೈದ್ಯಕೀಯ ಸಮಾಜ ಕಾರ್ಯವೂ ಸೇರಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಆದರೆ ಬೆಂಗಳೂರಿನ ತಂಡ ಹಳ್ಳಿಗೆ ತಲುಪುವುದೆಂತು? 1970ರ ದಶಕದಲ್ಲಿ ನಿಮ್ಹಾನ್ಸ್ ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಡತೊಡಗಿತು. ಈ ಅನುಭವದ ಬಲದಿಂದ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಇಡೀ ಜಿಲ್ಲೆಗೆ ಅನ್ವಯಿಸುವ ಪ್ರಯೋಗ ನಡೆಯಿತು. ಇದೇ 'ಬಳ್ಳಾರಿ ಮಾದರಿ'. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು ಇದರ ಆಧಾರದ ಮೇಲೆ. ಕರ್ನಾಟಕದಲ್ಲಿ ನಂತರ ಬಂದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಹೋಗುವ ವ್ಯವಸ್ಥೆಯಾಯಿತು.

ಐದು ದೇಶಗಳ ಸಾಕ್ಷ್ಯ

ಆಸ್ಪತ್ರೆಯಿಂದ ಹೊರಟವರನ್ನು ಮತ್ತೆ ಮತ್ತೆ ವಿಚಾರಿಸಿಕೊಂಡರೆ ನಿಜಕ್ಕೂ ಜೀವ ಉಳಿಯುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐದು ಊರುಗಳಲ್ಲಿ ಪರೀಕ್ಷಿಸಿತು: ಬ್ರೆಜಿಲ್‌ನ ಕಂಪಿನಾಸ್, ನಮ್ಮ ಚೆನ್ನೈ, ಶ್ರೀಲಂಕಾದ ಕೊಲಂಬೊ, ಇರಾನಿನ ಕರಜ್ ಮತ್ತು ಚೀನಾದ ಯುನ್‌ಚೆಂಗ್. ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಮನೆಗೆ ಹೋಗುವ ಮೊದಲು ಸುಮಾರು ಒಂದು ಗಂಟೆಯ ಮಾತುಕತೆ, ನಂತರ 18 ತಿಂಗಳಲ್ಲಿ ಒಂಬತ್ತು ಸಲ ಫೋನಿನ ಮೂಲಕ ಅಥವಾ ಮನೆಗೆ ಹೋಗಿ ವಿಚಾರಣೆ.

2008ರಲ್ಲಿ ಫಲಿತಾಂಶ ಪ್ರಕಟವಾಯಿತು. 18 ತಿಂಗಳಲ್ಲಿ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ವಿಚಾರಿಸಿಕೊಂಡ ಗುಂಪಿನಲ್ಲಿ ಶೇ. 0.2. ಮನೆಗೆ ಹೋಗಿ 'ಹೇಗಿದ್ದೀರಿ?' ಎಂದು ಕೇಳುವ ಕೆಲಸಕ್ಕೆ ವೈದ್ಯರೇ ಬೇಕೆಂದಿಲ್ಲ. ತರಬೇತಿ ಪಡೆದ ದಾದಿಯರೂ ಆರೋಗ್ಯ ಕಾರ್ಯಕರ್ತರೂ ಮಾಡಬಹುದು. ಮನೋವೈದ್ಯರ ಕೊರತೆಯಿರುವ ದೇಶಗಳಿಗೆ ಇದಕ್ಕಿಂತ ಭರವಸೆಯ ಸುದ್ದಿ ಬೇರಿಲ್ಲ. ದೇಹವನ್ನು ಮಾತ್ರ ಗುಣಪಡಿಸಿ ಕಳಿಸಿದರೆ ಚಿಕಿತ್ಸೆ ಅರ್ಧವಷ್ಟೇ ಆಗಿರುತ್ತದೆ ಎಂಬುದಕ್ಕೆ ಇದು ಅಂಕಿಅಂಶದ ಸಾಕ್ಷ್ಯ.

ಕಾನೂನು ಬದಲಾದ ಬಗೆ

ಬಹುಕಾಲ ಈ ಚಿಕಿತ್ಸೆಗೆ ದೊಡ್ಡ ಅಡ್ಡಿಯಾಗಿದ್ದುದು ಭಯ. 1860ರ ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ. ಪೊಲೀಸ್ ಕೇಸಾದೀತೆಂದು ಹೆದರಿ ಮನೆಯವರು ನಿಜ ಮುಚ್ಚಿಡುತ್ತಿದ್ದರು, ಆಸ್ಪತ್ರೆಗೆ ತರಲು ತಡಮಾಡುತ್ತಿದ್ದರು. ಏನು ಸೇವಿಸಿದ್ದಾರೆಂದು ತಿಳಿಯದೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತಿತ್ತು.

1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಜೀವ ಉಳಿಸುವ ಚಿಕಿತ್ಸೆ ಮೊದಲು, ಕಾನೂನಿನ ವಿಧಿಗಳು ಆಮೇಲೆ ಎಂದು ಸ್ಪಷ್ಟಪಡಿಸಿತು. 1994ರಲ್ಲಿ ಅದೇ ನ್ಯಾಯಾಲಯ 309ನೆಯ ಕಲಮನ್ನು ರದ್ದುಗೊಳಿಸಿತಾದರೂ 1996ರಲ್ಲಿ ದೊಡ್ಡ ಪೀಠ ಅದನ್ನು ಮತ್ತೆ ಎತ್ತಿಹಿಡಿಯಿತು. ನಿಜವಾದ ತಿರುವು ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದಿಂದ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಇದರ 115ನೆಯ ಕಲಮು, ಯತ್ನಿಸಿದ ವ್ಯಕ್ತಿ ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದು ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಮತ್ತು ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಅಪರಾಧಿ ಎನಿಸಿಕೊಂಡಿದ್ದ ವ್ಯಕ್ತಿ ಕಾನೂನಿನ ಕಣ್ಣಿನಲ್ಲಿ ಆರೈಕೆಗೆ ಹಕ್ಕುಳ್ಳವನಾಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆಸ್ಪತ್ರೆಯ ಆಚೆ

ಚಿಕಿತ್ಸೆ ಎಷ್ಟು ಉತ್ತಮವಾದರೂ ತಡೆ ಅದಕ್ಕಿಂತ ಮೇಲು. ಶ್ರೀಲಂಕಾದಲ್ಲಿ 1995ರಲ್ಲಿ ಪ್ರತಿ ಲಕ್ಷ ಜನರಿಗೆ 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಅತಿ ವಿಷಕಾರಿ ಕೀಟನಾಶಕಗಳನ್ನು ಅಲ್ಲಿನ ಸರ್ಕಾರ 1980ರ ದಶಕದಿಂದ ಹಂತ ಹಂತವಾಗಿ ನಿಷೇಧಿಸುತ್ತ ಬಂದಿತು. 2005ರ ವೇಳೆಗೆ ಸಾವಿನ ಪ್ರಮಾಣ ಅರ್ಧಕ್ಕೆ ಇಳಿಯಿತು, ನಂತರವೂ ಇಳಿಯಿತು. ಬೆಳೆಯ ಇಳುವರಿ ಕುಸಿಯಲಿಲ್ಲ. ಸಂಕಟದ ಆ ಗಳಿಗೆ ಬಹಳ ಸಲ ಅಲ್ಪಕಾಲದ್ದು. ಆ ಗಳಿಗೆಯಲ್ಲಿ ಕೈಗೆ ಸಿಗುವ ವಸ್ತು ಕಡಿಮೆ ಅಪಾಯದ್ದಾದರೆ, ಅಥವಾ ಸಿಗದೇ ಹೋದರೆ, ಬದುಕಲು ಇನ್ನೊಂದು ಅವಕಾಶ ಉಳಿಯುತ್ತದೆ. ಭಾರತ ಸರ್ಕಾರವೂ 2018ರಲ್ಲಿ 18 ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸುವ ಆದೇಶ ಹೊರಡಿಸಿತು.

ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಗಳನ್ನು ಕುರಿತು ಡಾ. ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2002ರಲ್ಲಿ ವರದಿ ನೀಡಿತು. ಕೃಷಿಯ ಸಂಕಷ್ಟದ ಜೊತೆಗೆ ಕೌಟುಂಬಿಕ, ಸಾಮಾಜಿಕ ಕಾರಣಗಳನ್ನೂ ಅದು ಎತ್ತಿ ತೋರಿಸಿತು. ಸಾಲದ ಹೊರೆಯನ್ನು ಕಡಿಮೆ ಮಾಡಿ ಹೇಳಿದೆ ಎಂಬ ಟೀಕೆಯೂ ಬಂದಿತು. 2015ರ ಬೇಸಿಗೆಯ ನಂತರದ ತಿಂಗಳುಗಳಲ್ಲಿ ಕಬ್ಬಿನ ಬೆಲೆ ಮತ್ತು ಬಾಕಿ ಹಣದ ತೊಂದರೆಯ ನಡುವೆ ಮಂಡ್ಯ ಜಿಲ್ಲೆಯ ಸರಣಿ ಸಾವುಗಳು ದೇಶದ ಗಮನ ಸೆಳೆದವು. ಇಂಥ ಕಾಲದಲ್ಲಿ ಬೆಲೆ ಮುಖ್ಯವೋ ಮನಸ್ಸು ಮುಖ್ಯವೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಬಾಕಿ ಹಣ ಕೊಡಿಸುವವರೂ ಬೇಕು, ಖಿನ್ನತೆ ಗುರುತಿಸುವವರೂ ಬೇಕು.

ನಾವು ಮಾಡಬಹುದಾದದ್ದು

ಶಿಕ್ಷಕರೂ ವಿದ್ಯಾರ್ಥಿಗಳೂ ಈ ತಂಡದ ಹೊರಗಿನವರಲ್ಲ. ವಿಷ ದೇಹ ಸೇರಿದಾಗ, ಅದು ಆಕಸ್ಮಿಕವೇ ಆಗಿರಲಿ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವ ರೂಢಿ ಅಪಾಯಕರ. ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಪ್ರಜ್ಞೆ ಮಂಕಾಗಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಮೈಗೆ ತಗುಲಿದ್ದರೆ, ನೆರವಾಗುವವರು ತಮ್ಮ ಕೈಗೆ ಅಂಟದಂತೆ ನೋಡಿಕೊಂಡು, ಬಟ್ಟೆ ತೆಗೆದು ಸೋಪು ನೀರಿನಿಂದ ತೊಳೆಯಬೇಕು. ಡಬ್ಬಿಯನ್ನು ಆಸ್ಪತ್ರೆಗೆ ಜೊತೆಯಲ್ಲಿ ಒಯ್ಯಬೇಕು. ಮನೆಯಲ್ಲಿ 'ಔಷಧಿ'ಯನ್ನು ಬೀಗ ಹಾಕಿಡಬೇಕು. ಬೇಕಾದಷ್ಟೇ ಕೊಳ್ಳುವುದು ಇನ್ನೂ ಒಳ್ಳೆಯದು.

ಬದುಕಿ ಬಂದವರನ್ನು 'ಹೆದರಿಸಲು ಮಾಡಿದ ನಾಟಕ' ಎಂದು ಹೀಯಾಳಿಸುವುದು ನಮ್ಮ ಹಳ್ಳಿ, ಪಟ್ಟಣ ಎರಡರಲ್ಲೂ ಇದೆ. ಇದು ಅಜ್ಞಾನದ ಮಾತು. ಹಿಂದೆ ಯತ್ನಿಸಿದವರಲ್ಲಿ ಮತ್ತೆ ಅಪಾಯ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಸಾಯಬೇಕೆನ್ನಿಸುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ. ಮನಸ್ಸಿನ ಭಾರ ಇಳಿಸಲು ದಾರಿಯಾಗುತ್ತದೆ. ಕನ್ನಡದಲ್ಲಿಯೇ ಮಾತನಾಡಬಹುದಾದ ಉಚಿತ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. ಅದರ ಸಂಖ್ಯೆ 14416; ಹಗಲು ರಾತ್ರಿ ದೊರೆಯುತ್ತದೆ. ಈ ಸಂಖ್ಯೆಯನ್ನು ಶಾಲೆಯ ಸೂಚನಾ ಫಲಕದಲ್ಲಿ ಬರೆದಿಡಬಹುದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಅದೇ ವರ್ಷ ಪ್ರಕಟವಾದ ರಾಷ್ಟ್ರೀಯ ಆತ್ಮಹತ್ಯಾ ತಡೆ ಕಾರ್ಯತಂತ್ರವು 2030ರ ವೇಳೆಗೆ ಇದನ್ನು ಶೇ. 10ರಷ್ಟು ಇಳಿಸುವ ಗುರಿ ಇಟ್ಟಿದೆ. ಬೆಳಕವಾಡಿಯಂಥ ಊರಿನ ದೃಷ್ಟಿಯಿಂದ ಈ ಗುರಿಯ ಅರ್ಥ ಸರಳ: ಆರೋಗ್ಯ ಕೇಂದ್ರದಲ್ಲಿ ಅಟ್ರೋಪಿನ್, ದಾರಿಯಲ್ಲಿ ಆಂಬ್ಯುಲೆನ್ಸ್, ಜಿಲ್ಲಾ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ, ವಾರ್ಡಿನಲ್ಲಿ ಕೂತು ಕೇಳುವ ಮನೋವೈದ್ಯರು ಮತ್ತು ಸಮಾಜ ಕಾರ್ಯಕರ್ತರು, ಮನೆಗೆ ಬಂದ ಮೇಲೆ ಬಾಗಿಲಿಗೆ ಬಂದು ವಿಚಾರಿಸುವ ಆಶಾ ಕಾರ್ಯಕರ್ತೆ. ಇವುಗಳಲ್ಲಿ ಒಂದು ಕೊಂಡಿ ತಪ್ಪಿದರೂ ಉಳಿದವುಗಳ ಶ್ರಮ ವ್ಯರ್ಥವಾಗಬಹುದು. ಇವುಗಳಲ್ಲಿ ಅತ್ಯಂತ ಅಗ್ಗವಾದ ಕೊನೆಯ ಕೊಂಡಿಯೇ ನಮ್ಮಲ್ಲಿ ಹೆಚ್ಚಾಗಿ ತಪ್ಪುವುದು.